ಭಾಷೆ ಸೀಟು ಕೊಡಬಹುದು, ಫೀಸು ಯಾರು ಕೊಡ್ತಾರೆ?

ಗಡಿನಾಡ ಕನ್ನಡ ಅಂದಕೂಡಲೆ ನಾವು ಶಾಸನ, ಶಾಲೆ, ಸಾಹಿತ್ಯದ ಮಾತಾಡ್ತೀವಿ. ನಾನು ಫೀಸಿನ ಮಾತಾಡ್ತೀನಿ.

ಕರ್ನೂಲು ಜಿಲ್ಲೆಯ ಸಿ. ಬೆಳಗಲ್, ಆದೋನಿ ಕಡೆಯ ಕನ್ನಡದ ಮನೆಯ ಹುಡುಗಿ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದಲು ರಾಯಚೂರಿಗೋ ಬಳ್ಳಾರಿಗೋ ಬರುವುದು ಭಾಷೆಯ ದೃಷ್ಟಿಯಿಂದ ಸಹಜ. ಸಿಇಟಿಯಲ್ಲಿ ಗಡಿನಾಡು, ಹೊರನಾಡು ಕನ್ನಡಿಗರಿಗೆ ಕೆಇಎ ಕನ್ನಡ ಪರೀಕ್ಷೆ ನಡೆಸುತ್ತದೆ. ಅಂದರೆ ಸೀಟಿನ ಅರ್ಹತೆಗೆ ಭಾಷೆ ಲೆಕ್ಕಕ್ಕೆ ಬರುತ್ತದೆ.

ಹಣದ ವಿಷಯದಲ್ಲಿ ಹಾಗಲ್ಲ. ಆಂಧ್ರ ಸರ್ಕಾರದ ಫೀಸು ಮರುಪಾವತಿ ಅಲ್ಲಿನ ಕಾಲೇಜುಗಳ ಕನ್ವೀನರ್ ಕೋಟಾಕ್ಕೆ, ಮ್ಯಾನೇಜ್‌ಮೆಂಟ್ ಸೀಟಿಗಿಲ್ಲ. ಕರ್ನಾಟಕದ ವಿದ್ಯಾರ್ಥಿವೇತನ ಇಲ್ಲಿನ ನಿವಾಸಿಗಳಿಗೆ. ಹುಡುಗಿ ಎರಡಕ್ಕೂ ಹೊರಗೆ.

ಉಳಿದ ದಾರಿ ಎರಡು. ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಹೊರರಾಜ್ಯದಲ್ಲಿ ಓದಿದರೂ ಉಂಟು. ಅರ್ಜಿ ತವರು ರಾಜ್ಯಕ್ಕೇ ಹಾಕಬೇಕು, ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ಮೀರಬಾರದು. ಇಲ್ಲದಿದ್ದರೆ ಬ್ಯಾಂಕ್ ಸಾಲ. 7.5 ಲಕ್ಷದವರೆಗೆ ಅಡವಿಲ್ಲದೆ ಕೊಡುವ ವ್ಯವಸ್ಥೆಯಿದೆ. ಸಾಮಾನ್ಯವಾಗಿ ಓದು ಮುಗಿದು 1 ವರ್ಷದ ಮೇಲೆ ಕಂತು ಶುರು. ಬಡ್ಡಿ ಮಾತ್ರ ಹಣ ಬಿಡುಗಡೆಯಾದ ದಿನದಿಂದಲೇ ಬೆಳೀತದೆ.

ಹಾಗಾಗಿ ಸೀಟು ಹಿಡಿಯುವ ಮುಂಚೆಯೇ ಕೇಳಬೇಕು: ಯಾವ ರಾಜ್ಯ, ಯಾವ ಕೋಟಾ? ಗಡಿನಾಡ ಕನ್ನಡದ ಅಧ್ಯಯನವೂ ಈ ಪ್ರಶ್ನೆಯನ್ನು ತನ್ನದಾಗಿಸಿಕೊಳ್ಳಲಿ ಅನ್ನೋದು ನನ್ನ ವಿನಂತಿ.