ದಾನವಲ್ಲ, ಸಾಲ

1849ರಲ್ಲಿ ಲಂಡನ್ನಿನಲ್ಲಿ ಬಡವರ ವಲಸೆಗೆಂದು ‘ಕುಟುಂಬ ವಲಸೆ ಸಾಲ ಸಂಘ’ವನ್ನು ಕಟ್ಟಿದ ಕೆರೊಲಿನ್ ಚಿಸಮ್ ಎಂಬ ಕಥೋಲಿಕ ಗೃಹಿಣಿ ನಮಗೆ ತೀರ ದೂರದವರಲ್ಲ. ಕಂಪನಿ ಸೇನಾಧಿಕಾರಿಯ ಪತ್ನಿಯಾಗಿ ಮದರಾಸಿಗೆ ಬಂದು, 1834ರಲ್ಲಿ ಅಲ್ಲಿ ಸೈನಿಕರ ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು. 1838ರಲ್ಲಿ ಸಿಡ್ನಿ ತಲಪಿದಾಗ, ಹಡಗಿನಿಂದಿಳಿದ ಹುಡುಗಿಯರು ಆಸರೆಯಿಲ್ಲದೆ ಬೀದಿಪಾಲಾಗುವುದನ್ನು ಕಂಡರು.

ಸಂಘದ ಕ್ರಮ ಸರಳ. ಕುಟುಂಬವು ತನ್ನ ಉಳಿತಾಯವನ್ನು ಸಂಘದಲ್ಲಿಡಬೇಕು. ಹಡಗಿನ ದರಕ್ಕೆ ಕಡಿಮೆ ಬಿದ್ದುದನ್ನು ಸಂಘವು ಬಡ್ಡಿಯಿಲ್ಲದೆ ಕೊಡುವುದು. ಆಸ್ಟ್ರೇಲಿಯಾದಲ್ಲಿ ದುಡಿದು ಕಂತುಗಳಲ್ಲಿ ತೀರಿಸಬೇಕು. ದಾನ ಪಡೆದವನ ಸಂಕೋಚ, ಸಾಲ ತೀರಿಸಿದವನ ಮಾನ – ಈ ಭೇದವನ್ನು ಆಕೆ ನಮ್ಮ ತತ್ವಶಾಸ್ತ್ರದ ಗ್ರಂಥಗಳಿಗಿಂತ ಚೆನ್ನಾಗಿ ಅರಿತಿದ್ದರೆಂದು ನನ್ನೆಣಿಕೆ. ಒಂಟಿ ಹುಡುಗಿಯರನ್ನು ಹಡಗೇರುವ ಮುನ್ನವೇ ಕುಟುಂಬಗಳ ಜೊತೆಗೂಡಿಸುತ್ತಿದ್ದರು.

ಮೊದಲ ಹಡಗು ‘ಸ್ಲೇನ್ಸ್ ಕ್ಯಾಸಲ್’ 1850ರಲ್ಲಿ ಹೊರಟಿತು. ಮರುವರ್ಷ ಪತಿಯೇ ಸಾಲದ ಕಂತು ಸಂಗ್ರಹಿಸಲು ಆಸ್ಟ್ರೇಲಿಯಾಕ್ಕೆ ತೆರಳಿದರು. ಸಹಾಯಕ್ಕೆ ಮತಭೇದವಿರಲಿಲ್ಲ, ಆದರೂ ಇದೆಲ್ಲ ಕಥೋಲಿಕರನ್ನು ತುಂಬುವ ಹುನ್ನಾರವೆಂದು ಪ್ರೆಸ್ಬಿಟೇರಿಯನ್ ಪಾದ್ರಿ ಜಾನ್ ಡನ್‌ಮೋರ್ ಲ್ಯಾಂಗ್ ದೂರಿದರು.

ಆಕೆ 1877ರಲ್ಲಿ ಲಂಡನ್ನಿನಲ್ಲಿ ಬಡತನದಲ್ಲೇ ತೀರಿಕೊಂಡರು. 1967ರಲ್ಲಿ ಆಸ್ಟ್ರೇಲಿಯಾ ತನ್ನ ಐದು ಡಾಲರ್ ನೋಟಿನ ಮೇಲೆ ಆಕೆಯ ಮುಖವನ್ನು ಮುದ್ರಿಸಿತು.