ಬಳೆಗಾರ ಗುಂಡಿನ ಬಳಿ ದಂಡನೀತಿಯ ಪಾಠ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿದವರು ದೇವರಿಗೆ ಕೈಮುಗಿದು, ಜಟಾಯುವಿನ ಕತೆ ಕೇಳಿ ಇಳಿದುಬಿಡುತ್ತಾರೆ. ಗುಡಿಯ ಹತ್ತಿರವೇ ಇರುವ ಬಳೆಗಾರ ಗುಂಡನ್ನು ನಿಂತು ನೋಡುವವರು ಕಡಿಮೆ. ಜಾತ್ರೆಯಲ್ಲಿ ಬಳೆ ಅಂಗಡಿ ಹೂಡುತ್ತಿದ್ದ ಆ ಬಂಡೆಯ ಮೇಲೆ ಅಶೋಕನ ಬ್ರಾಹ್ಮಿ ಶಾಸನವಿದೆ. ಬ್ರಹ್ಮಗಿರಿ, ಸಿದ್ದಾಪುರದ ಶಾಸನಗಳ ಜೊತೆಗೆ ಬಿ.ಎಲ್. ರೈಸ್ 1892ರಲ್ಲಿ ಇದನ್ನು ಬೆಳಕಿಗೆ ತಂದರು. ಅಕ್ಷರ ಬಹಳ ಸವೆದಿದೆ. ಬ್ರಹ್ಮಗಿರಿಯ ಪ್ರತಿ ಕೈಲಿಲ್ಲದೆ ಓದಲಾಗದು.

ಸುವರ್ಣಗಿರಿಯ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು. ತಂದೆ ತಾಯಿಯ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆ ಇರಲಿ, ನಿಜ ಹೇಳಿ, ಶಿಷ್ಯ ಆಚಾರ್ಯನನ್ನು ಗೌರವಿಸಲಿ ಎಂಬುದು ಅದರ ಸಾರ. ಬರೆದ ಲಿಪಿಕಾರ ಚಪಡ.

ಆಚಾರ್ಯರನ್ನು ನೆನೆಯುವ ಈ ಬಂಡೆಯ ಬಳಿ, ನಮ್ಮ ಕಾನೂನು ಕಾಲೇಜುಗಳಲ್ಲಿ ಅಪರಾಧ ಕಾನೂನು ಕಲಿಸುವ ಮೇಷ್ಟ್ರುಗಳು ಒಮ್ಮೆ ಸೇರಬೇಕು ಎಂಬುದು ನನ್ನ ಆಸೆ. ಅವರ ಪಾಠ ಈಗ ಬುಡಸಮೇತ ಬದಲಾಗಿದೆ. 1860ರ ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಊರಿನ ಹುಡುಗರ ಬಾಯಲ್ಲೂ ಇದ್ದ 302 ಈಗ 103, 420 ಈಗ 318. ಹಳೆಯದನ್ನು ಕೈಬಿಡುವಂತೆಯೂ ಇಲ್ಲ: ಜೂನ್ 30ರ ರಾತ್ರಿ ನಡೆದ ಕೊಲೆಗೆ ಹಳೆಯ ಸಂಹಿತೆಯೇ ಅನ್ವಯ. ಮೇಷ್ಟ್ರು ಎರಡನ್ನೂ ಕಲಿಸಬೇಕು.

ಕಲಮುಗಳ ಅಂಕಿ ಹೇಗೋ ನೆನಪಾಗುತ್ತದೆ; ಕಷ್ಟವಿರುವುದು ನಿಯಮವೇ ಬದಲಾದ ಕಡೆ. ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮನ್ನು ನೋಡಿ. ಮೊದಲು ಪೊಲೀಸ್ ಕಸ್ಟಡಿ ಬಂಧನದ ಮೊದಲ 15 ದಿನಗಳೊಳಗೇ ಮುಗಿಯಬೇಕಿತ್ತು. ಈಗ ಆ 15 ದಿನಗಳನ್ನು, ಅಪರಾಧದ ಗಾತ್ರ ನೋಡಿ, ಮೊದಲ 40 ಅಥವಾ 60 ದಿನಗಳಲ್ಲಿ ಬಿಡಿಬಿಡಿಯಾಗಿಯೂ ಕೇಳಬಹುದು. ಅತ್ತ 479ನೇ ಕಲಮು, ಹಿಂದೆ ಯಾವ ಅಪರಾಧದಲ್ಲೂ ದೋಷಿಯೆನಿಸದ ವಿಚಾರಣಾಧೀನನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗಿದ್ದರೆ ಬಿಡಬೇಕೆನ್ನುತ್ತದೆ, ಕೆಲವು ಅಪವಾದಗಳೊಂದಿಗೆ. ಒಂದು ಕೈ ಬಿಗಿ, ಇನ್ನೊಂದು ಸಡಿಲ. ಇದನ್ನು ತರಗತಿಯಲ್ಲಿ ಹೇಗೆ ಒಟ್ಟಿಗೆ ಇಡುವುದು? ಸಣ್ಣ ಊರಿನ ಕಾಲೇಜಿನಲ್ಲಿ ಈ ವಿಷಯಕ್ಕೆ ಒಬ್ಬರೇ ಅಧ್ಯಾಪಕರಿದ್ದರೆ ಅವರು ಯಾರೊಡನೆ ವಾದಿಸಬೇಕು?

ಬಂಧನದ ಈ ಚಿಂತೆ ಅಶೋಕನಿಗೂ ಇತ್ತು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಗುಡಿಯಲ್ಲಿ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ, ಒಡಿಶಾದ ಧೌಲಿ, ಜೌಗಡಗಳಲ್ಲಿರುವ ‘ಪ್ರತ್ಯೇಕ ಶಾಸನಗಳು’ ಎಂಬ ಅವನ ಆಜ್ಞೆಗಳೇ ಸಿಕ್ಕಿವೆ. ಕಾರಣವಿಲ್ಲದೆ ಸೆರೆ, ಹಿಂಸೆ ಆಗದಂತೆ ನೋಡಿಕೊಳ್ಳಿ ಎಂದು ಧೌಲಿಯಲ್ಲಿ ನಗರದ ನ್ಯಾಯಾಧಿಕಾರಿಗಳಿಗೆ ಹೇಳಿದ ಅರಸ, ಅವರು ಎಲ್ಲಿ ಎಡವುತ್ತಾರೆಂದೂ ಪಟ್ಟಿ ಮಾಡುತ್ತಾನೆ: ಅಸೂಯೆ, ಸಿಟ್ಟು, ನಿಷ್ಠುರತೆ, ಆತುರ, ಅಭ್ಯಾಸದ ಕೊರತೆ, ಸೋಮಾರಿತನ, ದಣಿವು. ನಮ್ಮ ಯಾವ ಠಾಣೆಗೂ, ಯಾವ ನ್ಯಾಯಾಲಯಕ್ಕೂ ಇದಕ್ಕಿಂತ ನೇರವಾದ ಪಾಠ ಬೇಕಿಲ್ಲ.

ಚಿತ್ರದುರ್ಗ, ಬಳ್ಳಾರಿ, ದಾವಣಗೆರೆಯ ಅಧ್ಯಾಪಕರೇ, ಸೆಮಿಸ್ಟರಿಗೊಮ್ಮೆಯಾದರೂ ಕೂಡಿ ಕನ್ನಡದಲ್ಲೇ ಈ ಕಲಮುಗಳನ್ನು ಚರ್ಚಿಸಿ. ಮೊದಲ ಸಭೆ ಜಟಿಂಗ ರಾಮೇಶ್ವರದಲ್ಲೇ ಆಗಲಿ, ವಿದ್ಯಾರ್ಥಿಗಳನ್ನೂ ಕರೆತನ್ನಿ.