ಜಿನ್-ಟಾನಿಕ್ ಪಾನೀಯದ ಐತಿಹ್ಯವೂ ಇತಿಹಾಸವೂ

ಒಂದು ವಸ್ತುವಿನ ಉತ್ಪತ್ತಿಯನ್ನು ಕುರಿತು ಲೋಕದಲ್ಲಿ ನಡೆದುಬರುವ ಮಾತು ಎರಡು ಬಗೆಯದು: ಪ್ರಮಾಣವನ್ನು ಅಪೇಕ್ಷಿಸದ ಐತಿಹ್ಯವೊಂದು, ಪ್ರಮಾಣದಿಂದ ಸಿದ್ಧವಾದ ಇತಿಹಾಸವೊಂದು. ಇವೆರಡೂ ಎಷ್ಟು ಸುಲಭವಾಗಿ ಬೆರೆತುಹೋಗುವುವೆಂಬುದಕ್ಕೆ ಆಂಗ್ಲೇಯರ ಜಿನ್-ಟಾನಿಕ್ ಎಂಬ ಮಿಶ್ರಪಾನವು ಒಳ್ಳೆಯ ನಿದರ್ಶನವಾಗಿದೆ. ಭಾರತದಲ್ಲಿದ್ದ ಆಂಗ್ಲ ಸೈನಿಕರು ಚಳಿಜ್ವರದ ನಿವಾರಣೆಗಾಗಿ ಕ್ವಿನೈನ್ ಬೆರೆತ ನೀರನ್ನು ಕುಡಿಯಬೇಕಾಗಿದ್ದಿತೆಂದೂ, ಅದರ ಕಹಿಯನ್ನು ತಗ್ಗಿಸಲು ಜಿನ್ ಸೇರಿಸಿಕೊಂಡರೆಂದೂ, ಹೀಗೆ ಔಷಧವೇ ಪಾನೀಯವಾಯಿತೆಂದೂ ಎಲ್ಲೆಡೆಯಲ್ಲಿಯೂ ಹೇಳುವರು. ಇದು ಪೂರ್ವಪಕ್ಷ.

ಮೊದಲು ಶಬ್ದಗಳನ್ನು ವಿಚಾರಿಸಬಹುದು. ಲ್ಯಾಟಿನಿನ ಜ್ಯೂನಿಪೆರಸ್ ಎಂಬುದು ಒಂದು ಗಿಡದ ಹೆಸರು. ಆಯುರ್ವೇದದಲ್ಲಿ ಇದರ ಕಾಯಿಗೆ ಹಪುಷಾ ಎಂದು ಹೆಸರು. ಆ ಲ್ಯಾಟಿನ್ ಶಬ್ದವೇ ಫ್ರೆಂಚಿನ ಮೂಲಕ ಡಚ್ಚರಲ್ಲಿ ಯೆನೇವರ್ ಎಂದಾಗಿ, ಆ ಕಾಯಿಯ ಪರಿಮಳವುಳ್ಳ ಮದ್ಯಕ್ಕೆ ಸಂಕೇತವಾಯಿತು. ಇಂಗ್ಲೆಂಡಿನಲ್ಲಿ ಅದು ಮೊಟಕಾಗಿ ಜಿನ್ ಆಯಿತು. ಈ ಮೊಟಕು ರೂಪವು 1714ರಲ್ಲಿ ಮ್ಯಾಂಡೆವಿಲ್ಲನ ಗ್ರಂಥದಲ್ಲಿ ಕಾಣಬರುತ್ತದೆ. ಕ್ವಿನೈನ್ ಎಂಬುದಕ್ಕೆ ಮೂಲವಾದುದು ದಕ್ಷಿಣ ಅಮೆರಿಕದ ಕೆಚುವಾ ಭಾಷೆಯಲ್ಲಿ ತೊಗಟೆ ಎಂಬ ಅರ್ಥವುಳ್ಳ ಕಿನಾ ಶಬ್ದ. ಸಿಂಕೋನ ಮರದ ತೊಗಟೆಯಿಂದ ಈ ಸತ್ತ್ವವನ್ನು 1820ರಲ್ಲಿ ಪೆಲ್ಲೆತಿಯೆ ಮತ್ತು ಕವೆಂತು ಎಂಬ ಫ್ರೆಂಚ್ ರಸಾಯನಜ್ಞರು ಬೇರ್ಪಡಿಸಿದರು.

ಸಿಂಕೋನ ಎಂಬ ಹೆಸರಿನಲ್ಲಿಯೂ ಒಂದು ಐತಿಹ್ಯವು ಅಡಗಿದೆ. ಪೆರುವಿನ ರಾಜಪ್ರತಿನಿಧಿಯಾಗಿದ್ದ ಚಿಂಚೋನ್ ಪ್ರಭುವಿನ ಪತ್ನಿಯು ಈ ತೊಗಟೆಯಿಂದ ಜ್ವರಮುಕ್ತಳಾದಳೆಂದು 1663ರಲ್ಲಿ ಬಾಡೋ ಎಂಬ ವೈದ್ಯನು ಬರೆದನು. ಅದನ್ನು ನಂಬಿ ಲಿನೇಯಸ್ ಪಂಡಿತನು 1742ರಲ್ಲಿ ಮರಕ್ಕೆ ಆಕೆಯ ಹೆಸರನ್ನಿಟ್ಟನು. ಆದರೆ ಪ್ರಭುವಿನ ಮೊದಲ ಪತ್ನಿಯು ಅವನು ಪೆರುವಿಗೆ ಹೋಗುವ ಮೊದಲೇ ಮೃತಳಾಗಿದ್ದಳು. ಎರಡನೆಯವಳಿಗೆ ಇಂತಹ ಚಿಕಿತ್ಸೆ ನಡೆದುದಾಗಿ ಅಲ್ಲಿಯ ಸಮಕಾಲೀನ ದಿನಚರಿಯಲ್ಲಿ ಇಲ್ಲ. ಈ ದೋಷವನ್ನು 1941ರಲ್ಲಿ ಹ್ಯಾಗಿಸ್ ಎಂಬ ವಿದ್ವಾಂಸನು ತೋರಿಸಿಕೊಟ್ಟನು. ಕಥೆ ಬಿದ್ದುಹೋಯಿತು, ಹೆಸರು ಉಳಿಯಿತು.

ಜಿನ್-ಟಾನಿಕ್ಕಿನ ಕಥೆಯನ್ನೂ ಇದೇ ರೀತಿ ಪರೀಕ್ಷಿಸಬೇಕಾಗಿದೆ. ಕ್ವಿನೈನ್ ಸೇರಿದ ಅನಿಲಜಲಕ್ಕೆ ಎರಾಸ್ಮಸ್ ಬಾಂಡ್ ಎಂಬವನು ಹಕ್ಕುಪತ್ರವನ್ನು ಪಡೆದುದು 1858ರಲ್ಲಿ, ಲಂಡನ್ನಿನಲ್ಲಿ, ಭಾರತದ ಸೈನ್ಯಶಿಬಿರದಲ್ಲಲ್ಲ. ಅದು ಜೀರ್ಣಕಾರಿಯೂ ಬಲವರ್ಧಕವೂ ಆದ ಪಾನವೆಂದು ಮಾರಾಟವಾಯಿತು. ಜಿನ್ ಮತ್ತು ಟಾನಿಕ್ ಜೊತೆಗೂಡಿದ ಉಲ್ಲೇಖಗಳಲ್ಲಿ ಈವರೆಗೆ ದೊರೆತ ಅತಿ ಪ್ರಾಚೀನವಾದುದು 1868ರ ಓರಿಯೆಂಟಲ್ ಸ್ಪೋರ್ಟಿಂಗ್ ಮ್ಯಾಗಜೀನ್ ಎಂಬ ಪತ್ರಿಕೆಯದು. ಅಲ್ಲಿಯ ಸಂದರ್ಭ ಕುದುರೆಪಂದ್ಯದ ಕೂಟ. ರೋಗಿಯೂ ಇಲ್ಲ, ವೈದ್ಯನೂ ಇಲ್ಲ. ಬಾಯಾರಿದವರು ಕೇಳಿ ತರಿಸಿಕೊಂಡ ವಿನೋದಪಾನವದು. ಭಾರತಕ್ಕೂ ಈ ಪಾನಕ್ಕೂ ಸಂಬಂಧವುಂಟೆಂಬುದು ಹೀಗೆ ಸಿದ್ಧವಾಗುತ್ತದೆ; ಔಷಧವಾಗಿ ಹುಟ್ಟಿತೆಂಬುದು ಮಾತ್ರ ಸಿದ್ಧವಾಗುವುದಿಲ್ಲ.

ಹಾಗೆಂದು ಪೂರ್ವಪಕ್ಷವು ಸರ್ವಥಾ ನಿರಾಧಾರವೆನ್ನಲಾಗದು. ಕ್ವಿನೈನನ್ನು ಮದ್ಯದಲ್ಲಿ ಕದಡಿ ಕುಡಿಯುವ ವಾಡಿಕೆಯಿದ್ದುದು ನಿಜ. 1854ರಲ್ಲಿ ಬೇಯ್ಕಿಯು ಆಫ್ರಿಕದ ನೈಜರ್ ನದಿಯ ಯಾತ್ರೆಯಲ್ಲಿ ಜ್ವರ ಬಾರದಂತೆ ತನ್ನವರಿಗೆ ಕ್ವಿನೈನ್ ಕೊಡಿಸಿ ಯಶಸ್ಸನ್ನು ಪಡೆದನು. ಮೈಸೂರು ಸೀಮೆಗೆ ಹತ್ತಿಕೊಂಡಿರುವ ನೀಲಗಿರಿಯಲ್ಲಿ ಮಾರ್ಕಮ್ ತರಿಸಿದ ಸಿಂಕೋನ ಸಸಿಗಳ ತೋಟವು 1860ರ ದಶಕದಲ್ಲಿ ಎದ್ದಿತು. ಆದರೆ ಔಷಧವಾದುದು ಅಳತೆಯಿಟ್ಟ ಕ್ವಿನೈನ್, ಟಾನಿಕ್ ಅಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಈಗಿನ ನಿಯಮದಂತೆ ಟಾನಿಕ್ಕಿನ ಒಂದು ಲೀಟರಿನಲ್ಲಿ ಇರಬಹುದಾದ ಕ್ವಿನೈನ್ 83 ಮಿಲಿಗ್ರಾಂ; ಜ್ವರಪೀಡಿತನಾದ ವಯಸ್ಕನಿಗೆ ದಿನಕ್ಕೆ ಬೇಕಾಗುವುದು ಸುಮಾರು 1,900 ಮಿಲಿಗ್ರಾಂ. ಅಂದರೆ ದಿನವೊಂದಕ್ಕೆ 20 ಲೀಟರಿಗಿಂತ ಹೆಚ್ಚು ಕುಡಿಯಬೇಕಾದೀತು! ಹಿಂದಿನ ಟಾನಿಕ್ ಇದಕ್ಕಿಂತ ತೀಕ್ಷ್ಣವಾಗಿದ್ದಿತೆಂದು ಒಪ್ಪಿದರೂ ಅದರಿಂದ ರೋಗಶಮನವಾಯಿತೆಂದು ಹೇಳುವುದು ಕಷ್ಟ.

ಈ ಪಾನದ ಕಲ್ಪನಾವಿಧಿ ಸರಳವಾದುದು. ಎತ್ತರದ ಗಾಜಿನ ಪಾತ್ರೆಯ ತುಂಬ ಮಂಜುಗಡ್ಡೆಯನ್ನಿಟ್ಟು, ಸುಮಾರು 50 ಮಿಲಿಲೀಟರು ಜಿನ್ನನ್ನು ಹೊಯ್ದು, ಅದರ ಎರಡರಷ್ಟು ಅಥವಾ ಮೂರರಷ್ಟು ತಣ್ಣನೆಯ ಟಾನಿಕ್ಕನ್ನು ಮೆಲ್ಲನೆ ಸುರಿಯುವರು. ರಭಸದಿಂದ ಸುರಿದರೆ ಅನಿಲವು ಹಾರಿಹೋಗುವುದು. ಒಮ್ಮೆ ಮಾತ್ರ ಕಲಕಿ ನಿಂಬೆಯ ಹೋಳನ್ನು ಸೇರಿಸುವರು. ಟಾನಿಕ್ಕಿನಲ್ಲಿರುವ ಸಕ್ಕರೆಯು ಕ್ವಿನೈನಿನ ಕಹಿಗೆ ಹದವನ್ನು ಕೊಡುತ್ತದೆ. ನಿಂಬೆಯ ಹುಳಿಯು ಹಪುಷಾಗಂಧವನ್ನು ಎತ್ತಿಹಿಡಿಯುತ್ತದೆ. ಕಹಿಯು ಇಲ್ಲಿ ನಿವಾರಿಸಬೇಕಾದ ದೋಷವಲ್ಲ, ಬಯಸಿ ಇಟ್ಟುಕೊಂಡ ರಸ. ಕಹಿಯನ್ನು ಮರೆಸಲೆಂದೇ ಈ ಮಿಶ್ರಣ ಹುಟ್ಟಿತೆಂಬ ಮಾತಿಗೆ ಈ ವಿಧಿಯೂ ಅನುಕೂಲವಾಗಿಲ್ಲ.

ಆದುದರಿಂದ ಸಿದ್ಧಾಂತವಿಷ್ಟು: ಔಷಧದ ಕೀರ್ತಿಯಿಂದ ಟಾನಿಕ್ಕಿಗೆ ಮರ್ಯಾದೆ ಬಂದಿತು, ವಿನೋದದಿಂದ ಅದು ಜಿನ್ನಿನೊಡನೆ ಕೂಡಿತು, ಆ ಕೂಟಕ್ಕೆ ಸಮರ್ಥನೆಯನ್ನು ಹುಡುಕಿದವರು ಔಷಧದ ಕಥೆಯನ್ನು ಅದರ ಆದಿಯಲ್ಲಿರಿಸಿದರು. ಕವಿಚರಿತ್ರೆಯಲ್ಲಿ ಐತಿಹ್ಯಗಳನ್ನು ಎದುರಿಸುವ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಈ ಸಣ್ಣ ಉದಾಹರಣೆಯನ್ನು ಹೇಳಬಹುದು. ಕಥೆ ಮೊದಲು ಯಾವಾಗ ಕಾಣಿಸಿಕೊಂಡಿತು, ಸಮಕಾಲೀನ ಪತ್ರವು ಏನು ಹೇಳುತ್ತದೆ, ಲೆಕ್ಕವು ಹೊಂದುತ್ತದೆಯೇ ಎಂಬ ಮೂರು ಪ್ರಶ್ನೆಗಳು ಗ್ರಂಥಕ್ಕೂ ಗ್ಲಾಸಿಗೂ ಸಮಾನವಾಗಿ ಅನ್ವಯಿಸುತ್ತವೆ.